ಕುಂಕುಮ ಕಾಣದ ಫಿಲ್ಮು

ಹೊಸ ಹೆಸರು ಹೊತ್ತು ಬರುವ ಫಿಲ್ಮ್ ರೋಲುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಡಬ್ಬಿ ಚಂದ, ಅಕ್ಷರ ಚಂದ, ಒಳಗಿರುವುದು ಮಾತ್ರ ಬೇರೆಯವರ ಮಾಲು. ಕಪ್ಪು-ಬಿಳುಪು ಫಿಲ್ಮನ್ನು ತಾವೇ ತಯಾರಿಸುವವರು ಈಗ ಬಹಳ ಕಡಿಮೆ. ಉಳಿದವರು ಎಲ್ಲಿಂದಲೋ ದೊಡ್ಡ ಸುರುಳಿಗಳನ್ನು ಕೊಂಡು, ಕತ್ತರಿಸಿ, ಸಣ್ಣ ಡಬ್ಬಿಗೆ ತುಂಬಿ, ತಮ್ಮ ಹೆಸರಿನ ಚೀಟಿ ಅಂಟಿಸಿ ಮಾರುತ್ತಾರೆ. ಅದು ಸಿನಿಮಾಕ್ಕೆಂದು ಮಾಡಿದ್ದಿರಬಹುದು, ರಸ್ತೆ ಕಾಯುವ ಕ್ಯಾಮೆರಾಕ್ಕೆಂದು ಮಾಡಿದ್ದಿರಬಹುದು. ವಿಜಯಪುರದ ಗಾಂಧಿ ಚೌಕದಲ್ಲಿ ಎಲ್ಲಿಯದೋ ಜೋಳದ ರಾಶಿಗೆ ‘ಬಿಜಾಪುರ ಬಿಳಿಜೋಳ’ ಎಂದು ಹಲಗೆ ಚುಚ್ಚುತ್ತಾರಲ್ಲ, ಅದೇ ಕಥೆ.

ಇಬ್ರಾಹಿಂಪುರದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಹೊಟ್ಟೆಪಾಡಿಗೆ ಮದುವೆ, ಸೀಮಂತ, ಎಲ್ಲ ಡಿಜಿಟಲ್. ಹುಚ್ಚಿಗೆ ಮಾತ್ರ ಫಿಲ್ಮು. ಆ ಹುಚ್ಚಿನ ಒಳಗೆ ಇನ್ನೊಂದು ಹುಚ್ಚು: ಹೊಸ ಹೆಸರಿನ ರೋಲು ಬಂದರೆ ಅದರ ಹುಟ್ಟೂರು ಯಾವುದೆಂದು ಪತ್ತೆ ಹಚ್ಚುವುದು. ತೊಳೆದ ನೀರಿನ ಬಣ್ಣ, ಅಂಚಿನ ಗುರುತು, ಹರಿದರೆ ಹರಿಯುವ ರೀತಿ, ಇವುಗಳಿಂದಲೇ ಎಷ್ಟೋ ಬಾರಿ ಕಳ್ಳ ಸಿಕ್ಕಿಬೀಳುತ್ತಾನೆ. ನಾನು ಸೋತರೆ ಬಬಲೇಶ್ವರಕ್ಕೆ ಹೋಗುತ್ತೇನೆ. ಅಲ್ಲಿ ನನ್ನ ತಂದೆಯ ಕಾಲದಲ್ಲಿ ನಮ್ಮ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ದುಡಿದ ಒಬ್ಬ ಕಾಕಾ ಇದ್ದಾರೆ. ಅವರು ಫಿಲ್ಮಿನ ಅಂಚನ್ನು ತುಟಿಗೆ ಮುಟ್ಟಿಸಿಯೇ ಅರ್ಧ ಜಾತಕ ಹೇಳುವವರು.

ಎರಡು ವರ್ಷದ ಹಿಂದೆ ಹಾಗೊಂದು ಬಿಳಿ ಡಬ್ಬಿಯ ಫಿಲ್ಮು ತರಿಸಿದ್ದೆ. ಎರಡು ರೋಲು. ಒಂದನ್ನು ಕ್ಯಾಮೆರಾಕ್ಕೆ ಹಾಕಿದ ವಾರವೇ ಟಿಕೋಟಾದಿಂದ ದೊಡ್ಡಪ್ಪ ಫೋನ್ ಮಾಡಿದರು.

ದೊಡ್ಡಪ್ಪ ಎಂದರೆ ನನ್ನ ತಾಯಿಯ ಅಕ್ಕನ ಗಂಡ. ದ್ರಾಕ್ಷಿ ತೋಟದವರು. ಅವರ ಹೃದಯದ ನಾಳಗಳು ಕಟ್ಟಿದ್ದವು. ವಿಜಯಪುರದ ಆಸ್ಪತ್ರೆಯಲ್ಲಿ ಆಪರೇಶನ್ ಆಗಲೇಬೇಕಿತ್ತು. ಆದರೆ ಎರಡು ಬಾರಿ ದಿನ ಗೊತ್ತಾಗಿ ಎರಡು ಬಾರಿಯೂ ತಪ್ಪಿಹೋಗಿತ್ತು. ಮೊದಲ ಸಲ ಹೊರಡುವ ಹೊತ್ತಿಗೆ ಬೆಕ್ಕು ಅಡ್ಡ ಬಂತು. ಎರಡನೆಯ ಸಲ ಆಸ್ಪತ್ರೆಯಲ್ಲಿ ಒಪ್ಪಿಗೆ ಕಾಗದ ಮುಂದಿಟ್ಟಾಗ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. ದೊಡ್ಡವ್ವ ಪೆನ್ನು ಕೆಳಗಿಟ್ಟು ಗಂಡನನ್ನು ಎಬ್ಬಿಸಿಕೊಂಡು ಮನೆಗೆ ಬಂದಳು. ಅವಳನ್ನು ನಾನು ಬಾಯಿಗೆ ಬಂದಂತೆ ಬೈದೆ. ಆದರೆ ಒಂದು ಮಾತು ಯಾರಿಗೂ ಹೇಳಲಿಲ್ಲ. ಬೆಕ್ಕು ಅಡ್ಡ ಬಂದಾಗ ದೊಡ್ಡಪ್ಪನ ಮುಖದಲ್ಲಿ ಕಂಡದ್ದು ಸಮಾಧಾನ. ಅವರಿಗೂ ಆ ಬೆಕ್ಕು ಬೇಕಾಗಿತ್ತು.

ಡಾಕ್ಟರು ಕಡೆಯದಾಗಿ ಗುರುವಾರ ಎಂದು ಹೇಳಿದ್ದರು. ಇನ್ನೂ ಮುಂದೂಡಿದರೆ ತಮ್ಮ ಕೈಯಲ್ಲಿ ಏನೂ ಇಲ್ಲವೆಂದೂ ಹೇಳಿದ್ದರು.

ದೊಡ್ಡಪ್ಪ ಫೋನಿನಲ್ಲಿ ಅಂದರು: “ತಮ್ಮಾ, ನಿಮ್ಮ ದೊಡ್ಡವ್ವಂದು ಒಂದ ಫೋಟೋ ತಗದ ಕೊಡ. ಮದವಿ ಫೋಟೋದಾಗ ಆಕಿ ತಲಿ ಬಗ್ಗಿಸಿ ಕುಂತಾಳ, ಮಾರೀನ ಕಾಣೂದಿಲ್ಲ. ಒಳಗ ಕರಕೊಂಡ ಹೋಗೂಮುಂದ ಕೈಯಾಗ ಹಿಡದ ನೋಡಾಕ ಒಂದ ಬೇಕ. ಮೊಬೈಲದಾಗಿಂದ ಬ್ಯಾಡ, ನಿಮ್ಮಪ್ಪ ತಗೀತಿದ್ದನಲ್ಲ, ಅಂಥಾದ್ದ.”

ಭಾನುವಾರ ಸಂಜೆ ಟಿಕೋಟಾಕ್ಕೆ ಹೋದೆ. ಗೊತ್ತಿಲ್ಲದ ಫಿಲ್ಮಿನಲ್ಲಿ ಇಂಥ ಫೋಟೋ ತೆಗೆಯುವುದು ಮೂರ್ಖತನವೆಂದು ಈಗ ಅನ್ನಿಸುತ್ತದೆ. ಕ್ಯಾಮೆರಾದಲ್ಲಿ ಅದೇ ಇತ್ತು, ಮತ್ತು ನನಗೆ ನನ್ನ ಮೇಲೆ ಬಹಳ ನಂಬಿಕೆ ಇತ್ತು. ಸೂರ್ಯ ಇಳಿದು ಬೆಳಕು ಕೆಂಪಗಾಗಿತ್ತು. ದೊಡ್ಡವ್ವ ಇಳಕಲ್ಲ ಸೀರೆ ಉಟ್ಟು, ಎಂಟಾಣೆಯಗಲ ಕುಂಕುಮ ಇಟ್ಟುಕೊಂಡು ದ್ರಾಕ್ಷಿ ಬಳ್ಳಿಯ ಮುಂದೆ ನಿಂತಳು.

“ಲಗೂನ ಮುಗಸೋ, ಬಿಸಲ ಕಣ್ಣಾಗ ಹೊಡ್ಯಾಕತ್ತೈತಿ,” ಎಂದು ಗದರಿದಳು. ದೊಡ್ಡಪ್ಪ ಹೊರಸಿನ ಮೇಲೆ ಕೂತು ಅವಳನ್ನೇ ನೋಡುತ್ತಿದ್ದರು. ಹನ್ನೆರಡು ಫ್ರೇಮು ತೆಗೆದೆ.

ಸೋಮವಾರ ಫಿಲ್ಮು ತೊಳೆದಾಗ ಮೊದಲು ಚೆಲ್ಲಿದ ನೀರು ಗಾಢ ಹಸಿರಾಗಿತ್ತು. ಅಷ್ಟು ಹಸಿರು ನಾನು ಕಂಡಿರಲಿಲ್ಲ. ಫಿಲ್ಮು ತೆಳ್ಳಗಿತ್ತು, ಒಣಗಿದ ಮೇಲೆ ಬಹಳ ಸುರುಳಿ ಸುತ್ತಿಕೊಂಡಿತು. ಮಧ್ಯಾಹ್ನ ಸ್ಟುಡಿಯೋದ ಹಿಂದಿನ ಖೋಲಿಯಲ್ಲಿ ಕೆಂಪು ದೀಪ ಹಚ್ಚಿ ಪ್ರಿಂಟ್ ಹಾಕಲು ಕೂತೆ.

ಔಷಧದ ಟ್ರೇಯಲ್ಲಿ ಕಾಗದ ಅಲುಗಾಡಿಸುತ್ತಿದ್ದೆ. ಮೊದಲು ಕೂದಲು ಬಂತು. ಆಮೇಲೆ ಕಣ್ಣು, ತಾಳಿಯ ಕರಿಮಣಿ, ಸೀರೆಯ ಚೌಕಳಿ. ಬಳ್ಳಿಯ ಎಲೆಗಳು ಬಂದವು, ಆದರೆ ಬೂದಿ ಬಣ್ಣದವಾಗಿ ಬಂದವು. ಹಣೆ ಖಾಲಿ ಇತ್ತು. ಕುಂಕುಮ ಕಡೆಗೆ ಬಂದೀತು ಎಂದು ಕಾದೆ. ಕಾಗದದ ಅಂಚೆಲ್ಲ ಮಬ್ಬಾಗುವವರೆಗೂ ಕಾದೆ. ಬರಲಿಲ್ಲ. ಮೇಣದಂಥ ಬಿಳಿಚಿದ ಮುಖ, ಬಣ್ಣವಿಲ್ಲದ ತುಟಿ, ಬೋಳು ಹಣೆ. ಟ್ರೇಯ ತಳದಿಂದ ನನ್ನತ್ತ ನೋಡುತ್ತಿದ್ದವಳು ಗಂಡ ಸತ್ತ ಹೆಂಗಸು.

ನಾನು ಮೂರು ದಾರಿ ಕೂಡುವಲ್ಲಿ ಇಟ್ಟ ನಿಂಬೆಹಣ್ಣನ್ನು ಕಾಲಿನಿಂದ ಒದ್ದು ಹೋಗುವವನು. ಊರಿಗೆಲ್ಲ ಬುದ್ಧಿ ಹೇಳುವವನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬಂತೆ, ಆ ಹೊತ್ತು ನನ್ನ ಮೈಯೆಲ್ಲ ಮುಳ್ಳೆದ್ದಿತು. ಎರಡನೆಯ ಫ್ರೇಮು ಹಾಕಿದೆ, ಮೂರನೆಯದು, ಹನ್ನೆರಡೂ ಹಾಕಿದೆ. ಹನ್ನೆರಡರಲ್ಲೂ ಅದೇ ಹಣೆ. ಹಲ್ಲಿಯ ಮಾತಿಗೇ ಎದ್ದು ಬಂದವಳು ಇದನ್ನು ಕಂಡರೆ ಕಾಗದಕ್ಕೆ ಸಹಿ ಹಾಕುವ ಮಾತೇ ಇರಲಿಲ್ಲ. ಸಹಿಯಿಲ್ಲದಿದ್ದರೆ ದೊಡ್ಡಪ್ಪ ಉಳಿಯುತ್ತಿರಲಿಲ್ಲ. ಫೋಟೋ ಹೇಳಿದ್ದನ್ನು ಫೋಟೋವೇ ನಿಜ ಮಾಡುತ್ತಿತ್ತು. ಅದನ್ನು ನೆನೆದು ನನಗೆ ಹೆದರಿಕೆಯಾಯಿತು.

ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬಬಲೇಶ್ವರಕ್ಕೆ ಹೋದೆ. ಕಾಕಾ ಒಬ್ಬರೇ ಇರುವುದು. ಅವರ ಪಡಸಾಲೆಯ ಗೋಡೆಯ ತುಂಬ ಯಾರೂ ಒಯ್ಯದೆ ಉಳಿದ ಹಳೆಯ ಫೋಟೋಗಳು. ನಮ್ಮ ಮಂದಿಯಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಫೋಟೋ ತೆಗೆಸುವ ರೂಢಿ. ಎಷ್ಟೋ ಹೆಂಗಸರ ಬದುಕಿನ ಮೊದಲ ಫೋಟೋ ಅದೇ ಆಗಿರುತ್ತಿತ್ತು. ಪ್ರಿಂಟಿನಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆಯುವುದು ಕಾಕಾನ ಕೆಲಸ. ಅಳಿಸಿಹೋದ ಕುಂಕುಮ ತಿದ್ದುವುದೂ ಅವರದೇ. ಗೋಡೆಯ ಮೇಲಿನ ಮುಖಗಳು ಬೇರೆ ಬೇರೆ, ಕಣ್ಣು ಮಾತ್ರ ಎಲ್ಲರದೂ ಒಂದೇ. ಅವರಿಗೆ ಬರೆಯಲು ಬರುತ್ತಿದ್ದದ್ದು ಅದೊಂದೇ ಜೋಡಿ. ಸಣ್ಣವನಿದ್ದಾಗ ನಾನು ಆ ಪಡಸಾಲೆಯನ್ನು ಓಡಿ ದಾಟುತ್ತಿದ್ದೆ. ಆ ದಿನವೂ ನಡಿಗೆ ಸ್ವಲ್ಪ ಚುರುಕಾಗಿಯೇ ಇತ್ತು.

ಕಾಕಾ ಪ್ರಿಂಟ್ ನೋಡಲಿಲ್ಲ, ಮೊದಲು ಫಿಲ್ಮಿನ ತುದಿ ಕೇಳಿದರು. ತುಟಿಗೆ ಮುಟ್ಟಿಸಿದರು. ಎರಡೂ ಕೈಯಿಂದ ಹರಿಯಲು ನೋಡಿದರು.

“ಹರಿಯೂದಿಲ್ಲ ನೋಡ. ಸಾದಾ ಫಿಲ್ಮ ಆಗಿದ್ರ ಇಷ್ಟೊತ್ತಿಗೆ ಎರಡ ತುಂಡ ಆಗಿರತಿತ್ತ. ತೊಳದ ನೀರ ಯಾವ ಬಣ್ಣ ಬಂತು?”

“ಹಸರ, ಕಾಕಾ. ಬಾಳ ಗಾಢ.”

“ಎಲಿ ಹೆಂಗ ಬಂದಾವು?”

“ಬೂದಿ ಹಂಗ.”

ಆಗ ಪ್ರಿಂಟ್ ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದರು.

“ಇದು ಮಂದಿ ಮಾರಿ ನೋಡಾಕ ಮಾಡಿದ ಫಿಲ್ಮ ಅಲ್ಲೋ. ವಿಮಾನದಾಗಿಂದ ನೆಲಾ ನೋಡಾಕ ಮಾಡಿದ್ದು. ಮೇಲಿಂದ ಮಬ್ಬ ದಾಟಿ ಕಾಣಬೇಕಂತ ಇದಕ್ಕ ಕೆಂಪಿನ ಕಣ್ಣ ಹೆಚ್ಚ ಕೊಟ್ಟಿರ್ತಾರ, ಕೆಂಪಂದೆಲ್ಲಾ ಇದರಾಗ ಬೆಳ್ಳಗ ಬರತೈತಿ. ಮ್ಯಾಲ ನೀ ಇಳಿಬಿಸಲಾಗ ತಗದೀ. ಕುಂಕುಮನೂ ಬೆಳಕ, ಹಣೀನೂ ಬೆಳಕ. ಎರಡೂ ಕೂಡಿ ಹೋಗ್ಯಾವು.”

ನನಗೆ ಉಸಿರು ಬಂದಂತಾಯಿತು. ಹಾಗಾದರೆ ಅವರೇ ಒಂದು ಚುಕ್ಕೆ ತಿದ್ದಿ ಕೊಟ್ಟರೆ ಮುಗಿಯಿತಲ್ಲ ಎಂದೆ. ಕಾಕಾ ಒಳಗಿನಿಂದ ಹಳೆಯ ಕುಂಚ, ಮಸಿಯ ಬಿಲ್ಲೆ ತಂದರು. ಕುಂಚ ಒದ್ದೆ ಮಾಡಿದರು. ಪ್ರಿಂಟಿನ ಹಣೆಯ ಹತ್ತಿರ ಒಯ್ದರು. ಕೈ ಅಲ್ಲೇ ನಿಂತಿತು.

“ಒಲ್ಲೆಪಾ,” ಎಂದು ಕುಂಚ ಕೆಳಗಿಟ್ಟರು. “ಈ ಕುಂಚ ಇವತ್ತಿನ ತನಕ ಸತ್ತವರನ್ನ ಬಿಟ್ಟ ಮತ್ತೊಬ್ಬರ ಹಣಿ ಮುಟ್ಟಿಲ್ಲ. ಜೀವ ಇದ್ದಾಕಿಗೆ ನಾ ಇದರಿಂದ ಕುಂಕುಮ ಇಡೂದಿಲ್ಲ. ನಂಬಿಗಿ ಆಗಲಿಲ್ಲಂದ್ರ ಒಂದ ನಿಂಬಿಹಣ್ಣಿಗೆ ಕುಂಕುಮ ಹಚ್ಚಿ ಸಂಜಿಗೆ ತಗದ ನೋಡು, ಹೋಗು.”

ಇಬ್ರಾಹಿಂಪುರಕ್ಕೆ ಬಂದವನೇ ಉಳಿದ ಇನ್ನೊಂದು ರೋಲು ಹಾಕಿ, ಕಂಪೌಂಡಿನ ಗೋಡೆಯ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣಿಟ್ಟು ಇಳಿಬಿಸಿಲಿಗೆ ಕಾದೆ. ಪಕ್ಕದ ಮನೆಯಾಕೆ ಹಾಲು ತರಲು ಹೊರಟವಳು ಅದನ್ನು ಕಂಡು ಚಿಟ್ಟನೆ ಚೀರಿದಳು.

“ಯಪ್ಪಾ, ಯಾರ ಮಾಡ್ಯಾರ್ರೀ ಇದನ್ನ?”

“ನಾನ ಮಾಡೇನಿ. ಫೋಟೋಕ್ಕರಿ,” ಎಂದೆ.

ಆಕೆ ಒಂದು ಮಾತನ್ನೂ ನಂಬಲಿಲ್ಲ. ಇಂದಿಗೂ ಆ ಗೋಡೆಯ ಬದಿಯಿಂದ ನಡೆಯುವುದಿಲ್ಲ.

ಬುಧವಾರ ಬೆಳಿಗ್ಗೆ ಪ್ರಿಂಟ್ ಹಾಕಿದೆ. ನಿಂಬೆಹಣ್ಣಿನ ಮೇಲೆ ಏನೂ ಇರಲಿಲ್ಲ. ತೊಳೆದಿಟ್ಟ ಹಣ್ಣಿನಂತೆ ಸ್ವಚ್ಛವಾಗಿತ್ತು. ಕಾಕಾ ಹೇಳಿದ್ದು ಅಕ್ಷರಶಃ ನಿಜ. ಕುಣಿಯಬೇಕಿತ್ತು ನಾನು. ಆದರೆ ಪಕ್ಕದಲ್ಲಿ ಒಣಗಲು ಹಾಕಿದ್ದ ದೊಡ್ಡವ್ವನ ಮುಖದ ಕಡೆ ನೋಡಲು ಆಗಲಿಲ್ಲ. ಕಾರಣ ಸಿಕ್ಕಿತ್ತು, ಅಂಜಿಕೆ ಹೋಗಿರಲಿಲ್ಲ. ಮಾಡಿದವರು ಯಾರು, ಯಾತಕ್ಕೆ ಮಾಡಿದರು ಎಂಬುದೆಲ್ಲ ಗೊತ್ತಾದ ಮೇಲೂ ಆ ಫಿಲ್ಮು ನನಗೆ ತೋರಿಸಿದ್ದು ಮಾತ್ರ ಹಾಗೆಯೇ ಉಳಿಯಿತು.

ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗುವಾಗ ಫಿಲ್ಮು ಕೆಟ್ಟುಹೋಯಿತು ಎಂದು ಸುಳ್ಳು ಹೇಳುವುದೆಂದು ನಿಶ್ಚಯಿಸಿದ್ದೆ. ಪ್ರಿಂಟನ್ನು ಮನೆಯಲ್ಲಿ ಬಿಟ್ಟು ಹೋಗಬೇಕಿತ್ತು. ಹೆಂಡತಿ ಕಂಡಾಳೆಂದು ಲಕೋಟೆಯಲ್ಲಿ ಹಾಕಿ ಚೀಲದಲ್ಲಿಟ್ಟುಕೊಂಡು ಹೋದೆ. ನನ್ನ ಬುದ್ಧಿ ಅಷ್ಟು.

ದೊಡ್ಡಪ್ಪ ಹಾಸಿಗೆಯ ಮೇಲೆ ಒರಗಿ ಕೂತಿದ್ದರು. ದೊಡ್ಡವ್ವ ನೀರಿನ ಬಾಟಲಿ ತುಂಬಲು ಹೊರಗೆ ಹೋಗಿದ್ದಳು. ಒಪ್ಪಿಗೆಯ ಕಾಗದ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಹಾಗೇ ಇತ್ತು, ಸಹಿ ಆಗಿರಲಿಲ್ಲ.

“ತಂದೀ?” ಎಂದರು.

“ಫಿಲ್ಮ ಕೆಟ್ಟ ಹೋತರಿ, ದೊಡ್ಡಪ್ಪ.”

ಅವರು ನನ್ನ ಮುಖ ನೋಡಿದರು. ಆಮೇಲೆ ನಾನು ಎದೆಗವಚಿಕೊಂಡಿದ್ದ ಚೀಲ ನೋಡಿದರು. ಕುಂಬಳಕಾಯಿ ಕಳ್ಳನಂತೆ ನಾನೇ ಹೆಗಲು ಮುಟ್ಟಿಕೊಂಡಿದ್ದೆ. ಕೈ ಚಾಚಿದರು. ಆ ಕೈಗೆ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ.

ಲಕೋಟೆಯಿಂದ ತೆಗೆದು ನೋಡಿದರು. ಪಕ್ಕದ ಹಾಸಿಗೆಯವನು ಕೆಮ್ಮುತ್ತಿದ್ದ. ನಾನು ವಿಮಾನ, ಕೆಂಪು, ಇಳಿಬಿಸಿಲು ಎಂದು ಏನೇನೋ ಒದರತೊಡಗಿದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಬೆರಳಿನಿಂದ ಆ ಬೋಳು ಹಣೆಯನ್ನು ಮುಟ್ಟಿದರು. ಯಾವ ಗಂಡನಿಗೂ ನೋಡಲು ಸಿಗದ ಮುಖ ಅದು. ಅವನು ಹೋದ ಮೇಲೆಯೇ ಅದು ಕಾಣುವುದು. ನನ್ನ ದೊಡ್ಡಪ್ಪ ಅದನ್ನು ಕೈಯಲ್ಲಿ ಹಿಡಿದು ಕೂತಿದ್ದರು.

ದೊಡ್ಡವ್ವ ಯಾವಾಗ ಒಳಗೆ ಬಂದಳೋ ತಿಳಿಯಲಿಲ್ಲ. ಅವರ ಭುಜದ ಮೇಲಿಂದ ಬಗ್ಗಿ ನೋಡಿದಳು. ನೀರಿನ ಬಾಟಲಿ ಸ್ಟೂಲಿನ ಮೇಲಿಟ್ಟಳು. ಅವಳ ಕೈ ತಾನಾಗಿಯೇ ಹಣೆಗೆ ಹೋಗಿ ಕುಂಕುಮ ಇದೆಯೋ ಇಲ್ಲವೋ ಮುಟ್ಟಿ ನೋಡಿಕೊಂಡಿತು.

“ಏಳ್ರೀ. ಮನಿಗೆ ಹೋಗೂಣು,” ಎಂದಳು. “ಇದನ್ನ ನೋಡಿದ ಮ್ಯಾಲೂ ನೀವು ಒಳಗ ಹೋಗ್ತೀರೇನು?”

ದೊಡ್ಡಪ್ಪ ಫೋಟೋದಿಂದ ಕಣ್ಣು ತೆಗೆಯಲಿಲ್ಲ.

“ಇಷ್ಟ ದಿನಾ ಬೆಕ್ಕ ಅಂದಿ, ಹಲ್ಲಿ ಅಂದಿ, ಹೂಂ ಅಂದ್ನಿ. ಅಂಜಿಕಿ ನಂದ ಇತ್ತ, ನಿನ್ನ ಮ್ಯಾಲ ಹಾಕಿ ಕುಂತಿದ್ನಿ. ಇದನ್ನ ನೋಡಿದ್ದಕ್ಕ ಒಳಗ ಹೊಂಟೇನಿ. ಸಹಿ ಮಾಡು.”

ದೊಡ್ಡವ್ವ ಸ್ಟೂಲಿನ ಮೇಲಿನ ಕಾಗದ ಹತ್ತಿರ ಎಳೆದುಕೊಂಡಳು. ಆಮೇಲೆ ಪೆನ್ನು ಕೇಳಿದಳು. ನನ್ನ ಜೇಬಿನಿಂದ ತೆಗೆದು ಕೊಟ್ಟೆ. ಬರೆಯಲು ಕಲಿತಿದ್ದ ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ, ಕಾಗದ ಹರಿಯುವಷ್ಟು ಒತ್ತಿ ಬರೆದಳು.

ಅವರು ಉಳಿದರು. ಈಗ ತೋಟಕ್ಕೂ ಹೋಗುತ್ತಾರೆ, ಆಳುಗಳ ಮೇಲೆ ಕೂಗಾಡುತ್ತಾರೆ. ಗುಳಿಗೆ ತಿನ್ನುವುದಕ್ಕೆ ಮಾತ್ರ ಸಣ್ಣ ಮಗುವಿನಂತೆ ಹಟ. ಕಹಿ, ಹೊಟ್ಟೆ ಉರಿ, ನಾಳೆ ತಿಂದರಾಯಿತು. ಹೋದ ತಿಂಗಳು ಟಿಕೋಟಾಕ್ಕೆ ಹೋದಾಗ ನೋಡಿದೆ. ದೊಡ್ಡವ್ವ ಜಗಳವಾಡುವುದಿಲ್ಲ. ಒಳಗೆ ಹೋಗಿ ಆ ಫೋಟೋ ತಂದು, ಗಂಡನ ಊಟದ ತಾಟಿನ ಪಕ್ಕ ಮೇಲ್ಮುಖವಾಗಿ ಇಟ್ಟು, ತುಂಬು ಕುಂಕುಮದ ಹಣೆಯೊಂದಿಗೆ ಎದುರಿಗೆ ಕೂರುತ್ತಾಳೆ. ಆ ದಿನವೂ ದೊಡ್ಡಪ್ಪ ಒಮ್ಮೆ ತಾಟಿನ ಬದಿ ನೋಡಿದರು, ಒಮ್ಮೆ ಅವಳನ್ನು ನೋಡಿದರು, ಗುಳಿಗೆಗೆ ಕೈ ಚಾಚಿದರು.