ಸೇಫ್ಟಿ ಹಾಕಿದ್ದ ರೈಫಲ್ ಮತ್ತು ಕಪ್ಪು ಕಂಬಳಿ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ರಾಯದುರ್ಗದಲ್ಲಿ ಸಶಸ್ತ್ರ ಪೊಲೀಸ್ ಹೆಡ್ ಕಾನ್ಸ್‌ಟೇಬಲ್ ಆಗಿದ್ದೆ. ಗುಮ್ಮಘಟ್ಟದ ಕಡೆಯ ಒಂದು ಊರಿನಲ್ಲಿ ಕರಡಿಯೊಂದು ರೈತನೊಬ್ಬನ ತೊಡೆ ಸೀಳಿ, ಹೊಲದಂಚಿನ ಬಂಡೆಗಳ ನಡುವೆ ಸೇರಿಕೊಂಡಿತ್ತು. ಅರಿವಳಿಕೆ ಮದ್ದು ಹಾರಿಸುವ ಅರಣ್ಯ ಇಲಾಖೆಯ ತಂಡ ಬರುವವರೆಗೆ ಜನರನ್ನು ದೂರವಿಡಲು ನನ್ನನ್ನೂ ಕಾನ್ಸ್‌ಟೇಬಲ್ ರಂಗನಾಥನನ್ನೂ ಕಳಿಸಿದರು. ಕರಡಿ ಯಾರ ಮೇಲಾದರೂ ಎರಗಿದರೆ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಗುಂಡು ಹಾರಿಸಬೇಕೆಂದು ಆದೇಶವಿತ್ತು.

ರಂಗನಾಥ ಅಗಳಿಯವನು. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಅವನ ಕೈಯಲ್ಲಿದ್ದದ್ದು ಎಸ್‌ಎಲ್‌ಆರ್ ರೈಫಲ್. ಅದರ ಎಡಬದಿಯಲ್ಲಿ, ಹೆಬ್ಬೆರಳಿಗೆ ಸಿಗುವಂತೆ ಒಂದು ಸಣ್ಣ ಲಿವರ್ ಇರುತ್ತದೆ. ಅದನ್ನು ಸೇಫ್ಟಿಗೆ ತಿರುಗಿಸಿದರೆ ಟ್ರಿಗರ್ ಕೆಲಸ ಮಾಡುವುದಿಲ್ಲ. ಆದರೆ ಒಳಗೆ ಗುಂಡು ಇದ್ದರೆ ಅದು ಅಲ್ಲೇ ಇರುತ್ತದೆ. ಹೊಸಬರು ಈ ಎರಡನೆಯ ಮಾತನ್ನು ಬೇಗ ಮರೆಯುತ್ತಾರೆ.

ಬಂಡೆಗಳಿಂದ ಮೂವತ್ತು ಹೆಜ್ಜೆ ದೂರದಲ್ಲಿ ನಿಂತೆವು. ತುಂತುರು ಮಳೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ನೋಡಿದರೆ ರಂಗನಾಥ ಲಿವರನ್ನು ಮುಂದಕ್ಕೆ ತಳ್ಳಿ, ಸೇಫ್ಟಿ ತೆಗೆದೇ ನಿಂತಿದ್ದ. ಹಾಕು ಎಂದೆ. ಅವನಿಗೆ ಸರಿಬೀಳಲಿಲ್ಲ.

“ಕರಡಿ ಮೈಮೇಲೆ ಬಿದ್ರೆ ಸೇಫ್ಟಿ ತೆಗೆಯೋಕೆ ಟೈಮ್ ಎಲ್ಲಿರ್ತದೆ ಸಾರ್?”

ಹೆಬ್ಬೆರಳು ಲಿವರಿನ ಮೇಲಿದ್ದರೆ ಬಂದೂಕು ಹೆಗಲಿಗೆ ಬರುವಷ್ಟರಲ್ಲಿ ಅದು ತೆರೆದಿರುತ್ತದೆ, ಆದರೆ ಹೊಡೆಯಲೇಬೇಕು ಎಂದು ಗೊತ್ತಾದ ಮೇಲೆ ಮಾತ್ರ ತೆರೆಯಬೇಕು ಎಂದು ತಿಳಿಸಿದೆ. ಅವನು ಮನಸ್ಸಿಲ್ಲದೆ ಲಿವರನ್ನು ಹಿಂದಕ್ಕೆ ತಿರುಗಿಸಿದ.

ಹತ್ತು ನಿಮಿಷವೂ ಆಗಿರಲಿಲ್ಲ. ಎರಡು ಬಂಡೆಗಳ ಸಂದಿಯಲ್ಲಿ ಕಪ್ಪಗೆ, ಬಗ್ಗಿಕೊಂಡು ಏನೋ ಹೊರಬಂತು. ರಂಗನಾಥ ಬಂದೂಕು ಎತ್ತಿದ. ನನ್ನ ಬಾಯಿಂದ “ತಡಿ” ಎಂಬ ಮಾತು ಹೊರಡುವಷ್ಟರಲ್ಲಿ ಆ ಕಪ್ಪು ಆಕೃತಿ ನೆಟ್ಟಗೆ ನಿಂತಿತು. ತಲೆಯ ಮೇಲಿನಿಂದ ಕಂಬಳಿ ಹೊದ್ದ ಒಬ್ಬ ಹೆಂಗಸು. ಕಂಕುಳಲ್ಲಿ ಕುರಿಮರಿ. ಅದನ್ನು ಹುಡುಕಿಕೊಂಡು ಆಚೆ ಬದಿಯಿಂದ ಬಂದಿದ್ದಳು, ಹೆಸರು ಮಾರೆಕ್ಕ.

ರಂಗನಾಥನ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಬಂದೂಕು ಇಸಿದುಕೊಂಡು, ಬಾಯನ್ನು ನೆಲದ ಕಡೆ ಮಾಡಿ, ಮ್ಯಾಗಜಿನ್ ತೆಗೆದು ಹಿಡಿಕೆ ಎಳೆದೆ. ಒಳಗಿದ್ದ ಗುಂಡು ಕಲ್ಲಿನ ಮೇಲೆ ಬಿತ್ತು.

“ಸಾರ್, ನಾನು ಟ್ರಿಗರ್ ಒತ್ತಿಬಿಟ್ಟೆ,” ಎಂದ ಅವನು ಮೆಲ್ಲಗೆ. “ಸೇಫ್ಟಿ ತೆಗೆಯೋದು ಮರ್ತಿದ್ದೆ.”

ಅವನು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನಗೂ. ಸುಮ್ಮನಿದ್ದುಬಿಡೋಣವೆಂದು ಒಂದು ಕ್ಷಣ ನನಗೇ ಅನ್ನಿಸಿತು. ಅಷ್ಟರಲ್ಲಿ ಅವನು ಮಾರೆಕ್ಕನ ಬಳಿಗೆ ನಡೆದು, ಆದದ್ದನ್ನು ಅವಳಿಗೂ ಹೇಳಿಬಿಟ್ಟ. ಅವಳು ತಲೆಯ ಮೇಲಿನ ಕಂಬಳಿ ಸರಿಸಿ ಕೇಳಿದಳು:

“ಗುಂಡು ಹಾರಿದ್ರ ನನ್ನ ಮಕ್ಕಳಿಗೆ ಏನಂತ ಹೇಳ್ತಿದ್ರಿ?”

ಅವಳು ಮರಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಊರ ಕಡೆ ಹೋದಳು. ಮಧ್ಯಾಹ್ನ ತಂಡ ಬಂದು ಹೆಜ್ಜೆ ಗುರುತು ನೋಡಿತು. ಕರಡಿ ಬೆಳಗ್ಗೆಯೇ ಗುಡ್ಡ ಹತ್ತಿ ಹೋಗಿತ್ತು.

ವರದಿಯಲ್ಲಿ ಎಲ್ಲವನ್ನೂ ಬರೆದೆ. ಬಂಡೆಗಳ ಆಚೆ ಬದಿಯಲ್ಲಿ ಜನರಿದ್ದಾರೆಯೇ ಎಂದು ನಾನು ಸುತ್ತಿ ನೋಡದೆ, ಅಲ್ಲಿ ಯಾರೂ ಇಲ್ಲವೆಂಬ ಊರವರ ಮಾತು ನಂಬಿ ನಿಂತದ್ದನ್ನೂ ಬರೆದೆ. ವಿವರಣೆ ಕೇಳಿ ನನಗೆ ಮೆಮೊ ಬಂತು. ರಂಗನಾಥನನ್ನು ಮತ್ತೆ ತರಬೇತಿಗೆ ಕಳಿಸಿದರು.

ಆಮೇಲೆ ಸೇವೆಯಲ್ಲಿದ್ದಷ್ಟು ದಿನ ಹೊಸಬರಿಗೆ ಪಾಠ ಮಾಡುವಾಗ ಈ ಘಟನೆ ಹೇಳುತ್ತಿದ್ದೆ. ಸೇಫ್ಟಿ ಒಂದು ಜೀವ ಉಳಿಸಿತಲ್ಲ ಸಾರ್ ಎಂದು ಯಾರಾದರೂ ಮೆಚ್ಚಿಕೊಳ್ಳುತ್ತಿದ್ದರು. ಉಳಿಸಿದ್ದು ನಿಜ. ಆದರೆ ಅದು ನಾವಿಬ್ಬರೂ ತಪ್ಪಿದ ಮೇಲೆ ಉಳಿದಿದ್ದ ಕೊನೆಯ ಲೋಹದ ತುಂಡು. ಸೇಫ್ಟಿ ಹಾಕಿ, ತಪ್ಪದೆ ಹಾಕಿ. ಆದರೆ ಅದು ಹಾಕಿಲ್ಲವೆಂದೇ ತಿಳಿದು ಬೆರಳನ್ನು ಟ್ರಿಗರಿನಿಂದ ದೂರವಿಡಿ ಎಂದು ಅವರಿಗೆ ಹೇಳುತ್ತಿದ್ದೆ.