ಆರನೇ ನಂಬರ್ ರೂಮಿನ ಸಿಗರೇಟು

ಗೆಳೆಯರೇ, ಇವತ್ತು ಬೆಳಿಗ್ಗೆ ಹೊಸಪೇಟೆಯ ನಮ್ಮ ಲಾಡ್ಜಿನ ಆರನೇ ನಂಬರ್ ರೂಮಿನಲ್ಲಿ ಸಿಗರೇಟಿನ ಹೊಗೆ ಹಿಡಿಯುವ ಸೆನ್ಸರ್ ಕೂಗಿಕೊಂಡಿತು. ಮ್ಯಾನೇಜರನಾದ ನಾನು ಓಡಿದೆ. ಎಕ್ಸ್‌ರೇಗೆಂದು ಸಂಡೂರಿನಿಂದ ಬಂದಿದ್ದ ಗಣಿ ಕಾರ್ಮಿಕ ಕೆಮ್ಮುತ್ತ ನಿಂತಿದ್ದ. ಹೆಂಡತಿ ಅವನ ಅಂಗಿ ಜಾಡಿಸುತ್ತಿದ್ದಳು. ಬಿಳಿ ಬೆಡ್‌ಶೀಟಿನ ಮೇಲೆಲ್ಲ ಅದಿರಿನ ಕೆಂಪು ಧೂಳು.

“ಸಿಗರೇಟ್ ಎಲ್ಲಿ ಬಚ್ಚಿಟ್ರಿ?” ಎಂದು ಗದರಿದೆ.

“ಹುಟ್ಟಿದಾಗಿಂದ ಒಂದೂ ಸೇದಿಲ್ರಿ,” ಎಂದ ಅವನು. “ಡಾಕ್ಟ್ರೂ ನಿನ್ನಿ ಹಿಂಗ ಕೇಳಿದ್ರು, ದಿನಕ್ಕ ಎಷ್ಟು ಬೀಡಿ ಅಂತ.”

ಹೆಂಡತಿ ಸೆನ್ಸರ್ ಕಡೆ ನೋಡಿದಳು. “ಇದನ್ನ ನಮ್ಮ ಮನ್ಯಾಗ ಹಾಕಿದ್ರ ಬಾಯಿ ಮುಚ್ಚಂಗಿಲ್ರಿ.”

ಕೆಳಗೆ ಬಂದು ಸೆನ್ಸರಿನ ಆ್ಯಪಿನಲ್ಲಿ ‘ಸುಳ್ಳು ಎಚ್ಚರಿಕೆ’ ಎಂದು ಒತ್ತಿದೆ. ಈ ಕೆಲಸದಲ್ಲಿ ದಿನಾ ಸುಳ್ಳು ಹೇಳುತ್ತೇನೆ. ಇಷ್ಟು ದೊಡ್ಡದು ಇದೇ ಮೊದಲು.