ಗೋಡೆಗೆ ನೇಯ್ದ ಕಂಬಳಿ

ಕಾಕಾರ ಎರಡೂ ಕಾಲಿನ ಹೆಬ್ಬೆರಳುಗಳು ಉಳಿದ ಬೆರಳುಗಳಿಂದ ದೂರ ಸರಿದು, ಮುನಿಸಿಕೊಂಡವರಂತೆ ಬೇರೆ ದಿಕ್ಕು ನೋಡುತ್ತಿದ್ದವು. ಪಡಸಾಲೆಯ ನೆಲ ಅಗೆದು ಮಾಡಿದ ಕುಣಿಯಲ್ಲಿ ಇಳಿಬಿಟ್ಟು, ಅರವತ್ತು ವರ್ಷ ಕಂಬಳಿಯ ಮಗ್ಗ ತುಳಿದ ಕಾಲುಗಳು ಅವು. ಕೌಜಲಗಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಬೆಳಿಗ್ಗೆ ಆರಕ್ಕೆ ನಾನು ವ್ಯಾಯಾಮಕ್ಕೆ ನಿಂತಾಗ ಆಚೆ ಮಗ್ಗದ ಸದ್ದು ಶುರುವಾಗುತ್ತಿತ್ತು. ಒಂದು ದಿನವೂ ತಡವಾದದ್ದಿಲ್ಲ. ಜೀವನವಿಡೀ ಗಂಟೆ ನೋಡಿ ಶಾಲೆ ನಡೆಸಿದ ನನಗೆ ಆ ಶಿಸ್ತು ಮೆಚ್ಚುಗೆಯಾಗಿತ್ತು.

ಕಂಬಳಿ ಕೇಳುವವರೇ ಇಲ್ಲದಂತಾದಾಗ ಅವರ ಮಗ ಖಡಾಖಂಡಿತವಾಗಿ ಹೇಳಿದ: "ಅಪ್ಪಾ, ದೀಪಾವಳಿತನಕ ಗಿರಾಕಿ ಬರಲಿಲ್ಲಂದ್ರ ಕುಣಿ ಮುಚ್ಚಿ ಫರಸಿಕಲ್ಲ ಹಾಕಸ್ತೇನಿ. ಮೋಟರ್‌ಸೈಕಲ್ ನಿಂದರಸಾಕ ಜಾಗಾ ಇಲ್ಲ."

ಆಗ ಬಂದವಳು ಗೋಕಾಕದ ಒಬ್ಬ ಹುಡುಗಿ, ಪುಣೆಯಲ್ಲಿ ವಿನ್ಯಾಸ ಕಲಿತವಳು. ಅವಳಿಗೆ ಪ್ರದರ್ಶನದಲ್ಲಿ ಗೋಡೆಗೆ ತೂಗುಹಾಕಲು ಕಪ್ಪು ಕಂಬಳಿ ಬೇಕಿತ್ತು. ಅದರ ನಡುವೆ ಬಿಳಿ ಉಣ್ಣೆಯ ಒಂದು ಓರೆ ಗೆರೆ.

"ಗ್ವಾಡಿಗೆ ಥಂಡಿ ಹತ್ತೇತೇನ್ರಿ ಮಾಸ್ತರ?" ಎಂದು ಕಾಕಾ ನನ್ನನ್ನು ಕೇಳಿದರು.

ಹುಡುಗಿ ನಗಲಿಲ್ಲ. "ಹೊಚಗೊಂಡವರಿಗೆ ನಿದ್ದಿ ಬರತೈತಿ ಅಜ್ಜಾ. ನಿಮ್ಮ ಕೆಲಸಾ ನೋಡವರ‍್ಯಾರು?"

ಕಾಕಾ ಒಪ್ಪಿದ್ದು ಆ ಮಾತಿಗೆ. ನಮ್ಮೂರಿನ ಹಟ್ಟಿಗಳಲ್ಲಿ ಈಗ ಉಣ್ಣೆಯಿಲ್ಲದ ಕೆಂಪು ಕುರಿಗಳೇ ಹೆಚ್ಚು. ಕರಿ ಉಣ್ಣೆಗಾಗಿ ಅವರು ಹುಕ್ಕೇರಿ ಕಡೆಯ ಕುರುಬರ ತನಕ ಹೋಗಿಬಂದರು. ಓರೆ ಗೆರೆ ಅವರ ಕೈಗೆ ಹೊಸದು. ಮೂರು ಸಲ ನೇಯ್ದು ಮೂರು ಸಲ ಬಿಚ್ಚಿದರು. "ನೇಯ್ದದ್ದು ಬಿಚ್ಚಾಕ ಬರಬೇಕ್ರಿ, ಅಂವಾ ನೇಕಾರ" ಎನ್ನುತ್ತಿದ್ದರು.

ಮುಗಿದ ಕಂಬಳಿಯನ್ನು ಹುಡುಗಿಗೆ ತಲುಪಿಸುವ ಕೆಲಸ ನನ್ನದು. ಎರಡೂ ತುದಿಯ ಎಳೆಗಳು ಉದ್ದ ಗಿಡ್ಡವಾಗಿ, ತಲೆ ಬಾಚದ ಹುಡುಗರಂತೆ ಕಂಡವು. ಶಿಸ್ತಿಗೆಂದು ಕತ್ತರಿ ತಂದು, ಗಂಟುಗಳ ಸಮೇತ ನೆಟ್ಟಗೆ ಕತ್ತರಿಸಿಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ನೇಯ್ಗೆ ತುದಿಯಿಂದ ಕಳಚತೊಡಗಿತು.

ಕಾಕಾ ಅಂಚಿನ ಮೇಲೆ ಬೆರಳಾಡಿಸಿದರು. "ಮಾಸ್ತರ, ಸಾಲ್ಯಾಗ ಪೋರರ ಉಗುರು ಕತ್ತರಸ್ತಿದ್ರಿ, ಖರೆ. ಇದು ಉಗುರಲ್ರಿ, ಬೇರು."

ನಾಲ್ಕು ಬೆರಳಿನಷ್ಟು ನೇಯ್ಗೆ ಬಿಚ್ಚಿ ಹೊಸ ಗಂಟು ಹಾಕಿದರು. ಕಂಬಳಿ ಉಳಿಯಿತು, ಅಳತೆ ಉಳಿಯಲಿಲ್ಲ. ಹುಡುಗಿ ಮೂಡಲಗಿಯಲ್ಲಿ ಅದಕ್ಕೆಂದೇ ಕಬ್ಬಿಣದ ಚೌಕಟ್ಟು ಮಾಡಿಸಿಯಾಗಿತ್ತು.

"ಒಂದು ತುಂಡು ಜೋಡಸೂಣೇನ್ರಿ ಕಾಕಾ?" ಎಂದೆ.

"ತ್ಯಾಪಿ ಹಚ್ಚಿದ್ದು ನಂದಲ್ಲ."

"ಹಂಗಾದ್ರ ಅಳತಿ ಚೂರು ತಪ್ಪೇತಿ ಅನ್ನೂಣು."

"ಯಾರ ಅಳತಿ?" ಕಾಕಾ ತಲೆಯೆತ್ತಿದರು. "ಕತ್ತರಿ ನೀವ ಹಿಡದ್ರಿ. ಫೋನೂ ನೀವ ಹಿಡೀರಿ."

'ನಾನು ಮಾಡಿದೆ' ಎಂದು ಎಷ್ಟು ಮಕ್ಕಳನ್ನು ನಿಲ್ಲಿಸಿ ಹೇಳಿಸಿದ್ದೆನೋ ಲೆಕ್ಕವಿಲ್ಲ. ಅಂದು ಕುಣಿಯ ಪಕ್ಕ ನಿಂತು, ಹುಡುಗಿಗೆ ಫೋನಿನಲ್ಲಿ ನಾನೇ ಹೇಳಿದೆ. ಕಾಕಾ ಫೋನು ಇಸಿದುಕೊಂಡರು. "ತಂಗಿ, ಹನ್ನೆರಡ ದಿನಾ ಕೊಡು. ಇನ್ನೊಂದು ನೇಯ್ತೇನಿ."

ಹಗಲೆಲ್ಲ ಕೂತರು. ಮೊಣಕಾಲು ಹಿಡಿದು ಕುಣಿಯಿಂದ ಮೇಲೇಳಲಾಗದೆ, ಸಂಜೆ ಮಗ ರಟ್ಟೆ ಹಿಡಿದು ಎತ್ತಬೇಕಾಗುತ್ತಿತ್ತು. ಮೊದಮೊದಲು ಗೊಣಗಿದ ಮಗ, ವಾರ ಕಳೆಯುವಷ್ಟರಲ್ಲಿ ತಾನೇ ಕೂತು ನೂಲು ಸುತ್ತಿಕೊಡತೊಡಗಿದ. ಹನ್ನೊಂದನೆಯ ದಿನ ಕಂಬಳಿ ಮಗ್ಗದಿಂದ ಇಳಿಯಿತು. ಪ್ರದರ್ಶನದಲ್ಲಿ ಅದನ್ನು ನೋಡಿದವರು ಇನ್ನೂ ಎರಡು ಬೇಕೆಂದರು. ದೀಪಾವಳಿ ಬಂದು ಹೋಯಿತು. ಫರಸಿಯ ಮಾತು ಯಾರೂ ಎತ್ತಲಿಲ್ಲ.

ಆ ಎರಡರಲ್ಲಿ ಎರಡನೆಯದು ಅರ್ಧವಾಗಿದ್ದಾಗ ಕಾಕಾ ತೀರಿಕೊಂಡರು. ದಿನಕರ್ಮ ಮುಗಿದ ಮರುದಿನ ಆರಕ್ಕೆ ಗೋಡೆಯಾಚೆ ಸದ್ದು ಕೇಳಿ ಹೋದೆ. ಮಗ ಕುಣಿಯಲ್ಲಿ ಕೂತಿದ್ದ. ಕಂಬಳಿಯ ಮೇಲೆ ಕೈಯಾಡಿಸಿದೆ. ಅಪ್ಪನ ಬಿಗಿ ಎಲ್ಲಿಗೆ ನಿಂತಿತು, ಮಗನ ಸಡಿಲು ಎಲ್ಲಿಂದ ಶುರುವಾಯಿತು, ಬೆರಳಿಗೆ ಸಿಗುತ್ತಿತ್ತು.

"ನನಗೂ ಗೊತ್ತೈತ್ರಿ ಮಾಸ್ತರ," ಎಂದ ಅವನು, ತಾನು ನೇಯ್ದಷ್ಟನ್ನು ಮತ್ತೆ ಬಿಚ್ಚತೊಡಗಿದ.